ಪರರ ಸೊತ್ತು

ಕಡಿದಾದ ಬಂಡೆಯೊಂದರ ಅಂಚಿನಲ್ಲಿ ಆಡು ನಿಂತಿದೆ. ಈ ಬೆಟ್ಟಗಾಡಿನ ಜನ ಆಡಿನ ಮಾಂಸ ತಿನ್ನುವುದು ತೀರ ಅಪೂರ್ವವೆಂದೂ, ಅದರ ಹಾಲು ಕಾಯಿಲೆ ಬಿದ್ದವರಿಗೆ ಮೀಸಲೆಂದೂ, ಕಾಲುಜಾರಿ ಕಮರಿಗೆ ಬಿದ್ದು ಸತ್ತರೆ ಮಾತ್ರ ಆ ಮನೆಗಳಲ್ಲಿ ಮಾಂಸ ಬೇಯುವುದೆಂದೂ ನಿರೂಪಕನ ಧ್ವನಿ ಆಗತಾನೆ ಹೇಳಿ ಮುಗಿಸಿದೆ. ಆ ಮಾತಿನ ಬೆನ್ನಿಗೇ ಆಡು ಬಂಡೆಯಿಂದ ಉರುಳುತ್ತದೆ. ಉರುಳುವ ಆ ಗಳಿಗೆಯಲ್ಲಿ ಚಿತ್ರದ ಬಲ ಅಂಚಿನಿಂದ ಹಿಡಿಯಷ್ಟು ಬಿಳಿಯ ಹೊಗೆ ಒಳನುಗ್ಗಿ ಕರಗಿಹೋಗುತ್ತದೆ. ಮರುಕ್ಷಣ ಕ್ಯಾಮೆರಾ ಬೆಟ್ಟದ ಮೇಲಿದ್ದು, ಅದೇ ದೇಹ ಕಲ್ಲಿನಿಂದ ಕಲ್ಲಿಗೆ ಪುಟಿಯುತ್ತ ಕೆಳಗಿಳಿಯುವುದನ್ನು ನೋಡುತ್ತಿರುತ್ತದೆ. ಅಕಸ್ಮಾತ್ತಾಗಿ ಒದಗಿದ ಸಾವನ್ನು ಎದುರಿನಿಂದಲೂ ಮೇಲಿನಿಂದಲೂ ಹೀಗೆ ಹಿಡಿಯುವುದು ಯಾರಿಂದಲೂ ಆಗದು. ಆ ಹೊಗೆ ಬಂದೂಕಿನದು. ಆಡನ್ನು ಕೊಂದವರು ಚಿತ್ರ ತೆಗೆಯಲು ಬಂದವರೇ. ಒಂದು ಆಡಿನ ಬೆಲೆ ಆ ಜನಕ್ಕೆ ಎಷ್ಟೆಂಬುದನ್ನು ಲೋಕಕ್ಕೆ ತಿಳಿಸಹೊರಟ ಚಿತ್ರವೇ, ಆ ತಿಳಿವಳಿಕೆಯನ್ನು ಕಣ್ಣಿಗೆ ಕಟ್ಟಿಸುವ ಸಲುವಾಗಿ, ಅವರ ಬೆಟ್ಟದ ಮೇಲೆ ಒಂದು ಆಡನ್ನು ವೆಚ್ಚಮಾಡಿತು.

ಚಿತ್ರದ ಹೆಸರು ‘ಲಾಸ್ ಉರ್ದೆಸ್’. ‘ರೊಟ್ಟಿಯಿಲ್ಲದ ನೆಲ’ ಎಂಬುದು ಅದರ ಇನ್ನೊಂದು ಹೆಸರು. ಸ್ಪೇನಿನ ಲೂಯಿಸ್ ಬುನ್ಯುಯೆಲ್ ಇದನ್ನು 1933ರ ವಸಂತದಲ್ಲಿ ಚಿತ್ರೀಕರಿಸಿದನು. ಅರ್ಧ ಗಂಟೆಗೂ ಕಡಿಮೆಯಾದ ಈ ಕೃತಿ, ಗ್ರಾಮೀಣ ದಾರಿದ್ರ್ಯವನ್ನು ವಸ್ತುವಾಗಿ ಉಳ್ಳ ಸಾಕ್ಷ್ಯಚಿತ್ರಗಳಲ್ಲಿ ಅತ್ಯಂತ ಹೆಚ್ಚು ಚರ್ಚೆಗೆ ಗುರಿಯಾದವುಗಳಲ್ಲಿ ಒಂದು. ಬಡವರನ್ನು ತೆರೆಯ ಮೇಲೆ ತರುವ ಕಾರ್ಯದಲ್ಲಿ ಯಾವುದು ನ್ಯಾಯ, ಯಾವುದು ಅನ್ಯಾಯ ಎಂಬ ಪ್ರಶ್ನೆಯನ್ನು ಇದರಷ್ಟು ತೀಕ್ಷ್ಣವಾಗಿ ಮುಂದಿಡುವ ಚಿತ್ರವನ್ನು ನಾನು ನೋಡಿಲ್ಲ. ಏಕೆಂದರೆ ಮಹತ್ತಾದ ಪ್ರತಿಭೆಯೂ ಪ್ರಾಮಾಣಿಕವಾದ ಕ್ರೋಧವೂ ಕೂಡಿದ ಸ್ಥಳದಲ್ಲಿಯೂ, ಯಾರ ಪರವಾಗಿ ಆ ಕ್ರೋಧವೋ ಅವರಿಗೇ ಅಪಚಾರ ಒದಗಬಹುದೆಂಬುದಕ್ಕೆ ಇದು ನಿದರ್ಶನವಾಗಿ ನಿಂತಿದೆ. ಆದುದರಿಂದ ಇದನ್ನು ಸರಾಗವಾಗಿ ಹೊಗಳುವುದೂ ಸರಾಗವಾಗಿ ತಳ್ಳಿಹಾಕುವುದೂ ಎರಡೂ ತಪ್ಪಾದೀತು.

ಉರ್ದೆಸ್ ಎಂಬುದು ಸ್ಪೇನಿನ ಪಶ್ಚಿಮದಲ್ಲಿ, ಎಸ್ತ್ರೆಮಾದುರಾ ಸೀಮೆಯ ಉತ್ತರದ ತುದಿಯಲ್ಲಿರುವ ಬೆಟ್ಟಗಾಡು. ಶತಮಾನಗಳಿಂದ ವಿದ್ಯಾಪೀಠಕ್ಕೆ ಹೆಸರಾದ ಸಲಮಾಂಕಾ ನಗರ ಅಲ್ಲಿಂದ 100 ಕಿಲೋಮೀಟರಿಗೂ ಈಚೆಗಿದೆ. ಆದರೂ ಈ ಕಣಿವೆಗಳಲ್ಲಿ ಅನಾಗರಿಕರು ವಾಸಿಸುವರೆಂದೂ, ಹೊರಗಿನ ಲೋಕವನ್ನೇ ಅವರು ಅರಿಯರೆಂದೂ ಕಟ್ಟುಕತೆಗಳು ಬೆಳೆದು, ಆ ನೆರೆಯ ಬಾತುಯೆಕಾಸ್ ಕಣಿವೆಯನ್ನು ಕುರಿತು ಲೋಪೆ ದೆ ವೇಗಾ ನಾಟಕವನ್ನೇ ರಚಿಸಿದನು. 1922ರಲ್ಲಿ ದೊರೆ ಹದಿಮೂರನೆಯ ಅಲ್ಫೋನ್ಸೊ ವೈದ್ಯ ಗ್ರೆಗೋರಿಯೊ ಮರಾನ್ಯೋನ್‌ನೊಡನೆ ಕುದುರೆಯೇರಿ ಈ ಕಣಿವೆಗಳನ್ನು ಸಂದರ್ಶಿಸಿದನು. ಪರಿಹಾರಕಾರ್ಯಕ್ಕೆಂದು ರಾಜಾಶ್ರಯದ ಒಂದು ಸಂಸ್ಥೆಯೂ ಹುಟ್ಟಿತು. 1927ರಲ್ಲಿ ಫ್ರೆಂಚ್ ವಿದ್ವಾಂಸ ಮೋರಿಸ್ ಲೆಜಾಂದ್ರ್ ಅಲ್ಲಿನ ಜನಜೀವನವನ್ನು ಕುರಿತ ದೀರ್ಘ ಪ್ರಬಂಧವನ್ನು ಪ್ರಕಟಿಸಿದನು. ಅದನ್ನು ಓದಿ ಬುನ್ಯುಯೆಲ್ ಬೆರಗಾದನು. ಕ್ಯಾಮೆರಾ ಕಣಿವೆಯೊಳಕ್ಕೆ ಕಾಲಿಡುವ ವೇಳೆಗೆ ಅಲ್ಲಿಯ ಜನವನ್ನು ಕುರಿತು ಪರರು ಆಡಿದ ಮಾತು ಹೀಗೆ ಬೇಕಾದಷ್ಟು ಕೂಡಿಬಿದ್ದಿದ್ದಿತು.

ಚಿತ್ರ ಹುಟ್ಟಿಕೊಂಡ ಬಗೆ ಹೃದಯಸ್ಪರ್ಶಿಯಾದುದು. ಉಯೆಸ್ಕಾ ನಗರದ ರಾಮೋನ್ ಅಸೀನ್ ಚಿತ್ರಕಲೆಯ ಉಪಾಧ್ಯಾಯ, ಶಿಲ್ಪಿ, ಅರಾಜಕತಾವಾದದಲ್ಲಿ ಶ್ರದ್ಧೆಯುಳ್ಳವನು. ತನಗೆ ಲಾಟರಿ ಹೊಡೆದರೆ ನಿನ್ನ ಚಿತ್ರಕ್ಕೆ ಹಣ ಕೊಡುವೆನೆಂದು ಅವನು ಗೆಳೆಯ ಬುನ್ಯುಯೆಲ್‌ನಿಗೆ ಮಾತುಕೊಟ್ಟನು. ಲಾಟರಿ ನಿಜವಾಗಿಯೂ ಬಂದಿತು, ಮಾತೂ ನಿಂತಿತು. 20,000 ಪೆಸೇಟಾ ಚಿತ್ರಕ್ಕೆ ಸಂದಿತು. ಛಾಯಾಗ್ರಾಹಕ ಎಲಿ ಲೋತಾರ್, ಕವಿ ಪಿಯರ್ ಯುನಿಕ್ ಮೊದಲಾದ ಕೆಲವರೇ ಕೂಡಿದ ಸಣ್ಣ ತಂಡ ಸುಮಾರು ಒಂದು ತಿಂಗಳು ಅಲ್ಲಿ ದುಡಿಯಿತು. ಹಣ ಮುಗಿದಿದ್ದುದರಿಂದ ಬುನ್ಯುಯೆಲ್ ಅಡುಗೆಮನೆಯ ಮೇಜಿನ ಮೇಲೆ, ಭೂತಗನ್ನಡಿಯಲ್ಲಿ ಒಂದೊಂದೇ ಚಿತ್ರವನ್ನು ನೋಡುತ್ತ, ಸಂಕಲನ ನಡೆಸಿದನು. ಮೂರು ವರ್ಷಗಳ ತರುವಾಯ, 1936ರ ಆಗಸ್ಟಿನಲ್ಲಿ, ದಂಗೆಯೆದ್ದ ಸೈನ್ಯದ ಕಡೆಯವರು ಅಸೀನ್‌ನನ್ನು ಗುಂಡಿಟ್ಟು ಕೊಂದರು. ಅದೇ ತಿಂಗಳಲ್ಲಿ ಅವನ ಹೆಂಡತಿಯನ್ನೂ ಕೊಂದರು. ಈ ಕೃತಿಯ ಹಿಂದೆ ಲಾಭದ ಆಸೆ ಎಳ್ಳಷ್ಟೂ ಇರಲಿಲ್ಲ. ಇದನ್ನು ಮೊದಲೇ ಹೇಳುವುದು ನ್ಯಾಯ. ಮುಂದೆ ನಾನು ಎತ್ತುವ ಆಕ್ಷೇಪಣೆಗಳು ಅಂತಃಕರಣವಿಲ್ಲದವರ ಮೇಲೆ ಹೊರಿಸುವ ಆಪಾದನೆಗಳಲ್ಲವೆಂಬುದು ಅದರಿಂದ ಸ್ಪಷ್ಟವಾದೀತು.

ಚಿತ್ರ ಸಾಧಿಸಿದುದನ್ನು ಮೊದಲು ನೋಡೋಣ. ದಾರಿದ್ರ್ಯವೆಂದರೆ ಕೈಯಲ್ಲಿ ಕಾಸಿಲ್ಲದಿರುವುದೆಂಬ ಸಾಮಾನ್ಯ ಭಾವನೆಯನ್ನು ಅದು ಅಳಿಸಿಹಾಕುತ್ತದೆ. ನೆಲವೇ ಇಲ್ಲದಿರುವುದು ಎಂಥ ಸ್ಥಿತಿಯೆಂಬುದನ್ನು ಅದು ಹಂತಹಂತವಾಗಿ ಕಾಣಿಸುತ್ತದೆ. ಕಣಿವೆಯ ತಳದಲ್ಲಿ, ಹೊಳೆಯ ದಂಡೆಗೆ ಅಂಟಿಕೊಂಡು, ಜನ ಕಲ್ಲು ಪೇರಿಸಿ ಒಡ್ಡು ಕಟ್ಟುತ್ತಾರೆ. ಬೇರೆ ಕಡೆಯಿಂದ ಮಣ್ಣು ಹೊತ್ತು ತಂದು ಅದರೊಳಗೆ ಸುರಿಯುತ್ತಾರೆ. ಗೊಬ್ಬರಕ್ಕಾಗಿ ದೂರದ ಬೆಟ್ಟದಿಂದ ಎಲೆ ತರಗನ್ನು ಹೊರೆಕಟ್ಟಿ ಇಳಿಸುತ್ತಾರೆ. ಚಾಪೆಯ ಅಗಲದ ಹೊಲ ಅದು. ಹೊಳೆ ಒಂದು ರಾತ್ರಿ ಉಕ್ಕಿದರೆ ವರ್ಷದ ದುಡಿಮೆಯೆಲ್ಲ ಕೊಚ್ಚಿಹೋಗುತ್ತದೆ. ಬೇರೆ ಕಡೆಗಳಲ್ಲಿ ಒಕ್ಕಲಿಗ ಹೊಲವನ್ನು ಉಳುತ್ತಾನೆ. ಇಲ್ಲಿ ಹೊಲವನ್ನೇ ಅವನು ಹೊತ್ತು ತರಬೇಕು. ಸುಗ್ಗಿಯ ಕೂಲಿ ಹುಡುಕಿ ಕಾಸ್ತೀಲಿಗೆ ನಡೆದುಹೋದ ಗಂಡಸರು ಬರಿಗೈಯಲ್ಲಿ ಮರಳುವುದನ್ನೂ, ಪಟ್ಟಣದ ಅನಾಥಾಲಯದಿಂದ ಕೂಸುಗಳನ್ನು ತಂದು ಸಾಕಿ ಅದರಿಂದ ಬರುವ ಅಲ್ಪ ಭತ್ಯದಲ್ಲಿ ಹೆಂಗಸರು ಸಂಸಾರ ನೂಕುವುದನ್ನೂ ಚಿತ್ರ ಹೇಳುತ್ತದೆ. ಹಸಿವು, ಭೂಮಿ, ಕೂಲಿ, ರೋಗ ಇವು ಒಂದರ ಕೈಯನ್ನು ಒಂದು ಹಿಡಿದು ಮನುಷ್ಯನನ್ನು ಸುತ್ತುಗಟ್ಟುವ ಕ್ರಮವನ್ನು ಇಷ್ಟು ಸ್ವಲ್ಪ ಕಾಲದಲ್ಲಿ, ಇಷ್ಟು ದೃಢವಾದ ಕಟ್ಟಡದಲ್ಲಿ ತೋರಿಸಿದ ಕೃತಿಗಳು ವಿರಳ.

ಶಾಲೆಯ ದೃಶ್ಯವಂತೂ ಮರೆಯುವಂಥದಲ್ಲ. ಬರಿಗಾಲಿನ ಮಕ್ಕಳು, ಬೋಳಿಸಿದ ತಲೆಗಳು, ಚಿಂದಿಯ ಅಂಗಿಗಳು. ಅವರಿಗೆ ಅಲ್ಲಿ ಕಲಿಸುತ್ತಿರುವುದು ತ್ರಿಕೋಣದ ಕೋನಗಳ ಮೊತ್ತ ಎಷ್ಟೆಂಬುದು. ಗೋಡೆಯ ಮೇಲೆ ಹಿಂದಿನ ಶತಮಾನಗಳ ಸಿರಿವಂತ ಹೆಂಗಸೊಬ್ಬಳು ನೆರಿಗೆಯುಡುಪು ತೊಟ್ಟು ನಿಂತ ಚಿತ್ರಪಟ ತೂಗಿದೆ. ಉಪಾಧ್ಯಾಯನು ಮಕ್ಕಳಿಗೆ ರೊಟ್ಟಿ ಕೊಟ್ಟು ತನ್ನ ಕಣ್ಣೆದುರಿಗೇ ತಿನ್ನಿಸುತ್ತಾನೆ, ಮನೆಗೆ ಒಯ್ದರೆ ಹಸಿದ ತಂದೆತಾಯಿಗಳು ಅದನ್ನು ಕಿತ್ತುಕೊಂಡಾರೆಂದು. ಇಲ್ಲಿ ನಿರೂಪಕ ಹೆಚ್ಚು ಮಾತನಾಡಬೇಕಾದುದೇ ಇಲ್ಲ. ಮಕ್ಕಳ ಎದುರಿಗೆ ತೂಗಿದ ಪಟವೊಂದೇ, ಶಿಕ್ಷಣವು ಅವರನ್ನು ಎಷ್ಟು ದೂರದಿಂದ ನೋಡುತ್ತಿದೆಯೆಂಬುದನ್ನು ಹೇಳಿಬಿಡುತ್ತದೆ. ಆಮೇಲೆ ಒಬ್ಬ ಹುಡುಗ ಕರಿಹಲಗೆಯ ಬಳಿಗೆ ಹೋಗಿ ನೀತಿಪಾಠದ ಒಂದು ವಾಕ್ಯವನ್ನು ಬರೆಯುತ್ತಾನೆ: ಪರರ ಸೊತ್ತನ್ನು ಗೌರವಿಸಬೇಕೆಂಬುದು ಅದರ ತಾತ್ಪರ್ಯ. ಸೊತ್ತೆಂಬುದೇ ಇಲ್ಲದ ಮಕ್ಕಳಿಗೆ ಸೊತ್ತುಳ್ಳವರ ರಕ್ಷಣೆಯನ್ನು ಬೋಧಿಸುವ ಆ ಪಾಠವನ್ನು ನೋಡಿದಾಗ, ಬುನ್ಯುಯೆಲ್‌ನ ಕ್ರೋಧ ಯಾರ ಕಡೆಗೆ ತಿರುಗಿದೆಯೆಂಬುದರಲ್ಲಿ ಸಂದೇಹ ಉಳಿಯದು.

ಇಷ್ಟು ಒಪ್ಪಿಕೊಂಡ ಮೇಲೆ, ಚಿತ್ರದ ಜನರನ್ನೇ ಹುಡುಕುತ್ತ ಅದನ್ನು ಇನ್ನೊಮ್ಮೆ ನೋಡಬೇಕು. ಅವರಲ್ಲಿ ಯಾರಿಗೂ ಹೆಸರಿಲ್ಲ. ಯಾರೂ ಮಾತನಾಡುವುದಿಲ್ಲ. ಕ್ಯಾಮೆರಾ ಮೂಕವಾಗಿಯೇ ಚಿತ್ರೀಕರಿಸಿತೆಂಬುದು ನಿಜ; 1933ರ ಕೊನೆಯಲ್ಲಿ ಮ್ಯಾಡ್ರಿಡ್‌ನಲ್ಲಿ ಮೊದಲ ಪ್ರದರ್ಶನ ನಡೆದಾಗ ಬುನ್ಯುಯೆಲ್ ತಾನೇ ನಿಂತು ವ್ಯಾಖ್ಯಾನ ಓದಿದನು; ಫ್ರೆಂಚ್ ನಿರೂಪಣೆಯೂ ಬ್ರಾಮ್ಸ್‌ನ ನಾಲ್ಕನೆಯ ಸಿಂಫೊನಿಯ ಸಂಗೀತವೂ ಮುದ್ರಿತವಾಗಿ ಸೇರಿದುದು ಸ್ಪೇನಿನ ಅಂತರ್ಯುದ್ಧದ ಕಾಲದಲ್ಲಿ, ಪ್ಯಾರಿಸ್ಸಿನಲ್ಲಿ. ಆದರೆ ಧ್ವನಿಯನ್ನು ಹಿಡಿಯುವ ಯಂತ್ರವಿಲ್ಲದಿದ್ದರೂ, ಆಡಿದ ಮಾತನ್ನು ಕೇಳಿ ವರದಿಮಾಡುವ ಕಿವಿ ಇರಬಹುದಿತ್ತು. ‘ಈಕೆ ನಮಗೆ ಹೀಗೆ ಹೇಳಿದಳು’ ಎಂಬ ಒಂದು ವಾಕ್ಯ ನಿರೂಪಣೆಯಲ್ಲಿ ಸೇರಿದ್ದರೆ ಚಿತ್ರದ ಸ್ವರೂಪವೇ ಬದಲಾಗುತ್ತಿತ್ತು. ತಿಂಗಳ ಕಾಲ ಆ ಕಣಿವೆಗಳಲ್ಲಿ ಅಲೆದವರಿಗೆ ಉರ್ದೆಸ್ಸಿನ ಯಾವ ತಾಯಿಯೂ ಒಂದು ಹಾಡನ್ನು ಹಾಡಿ ತೋರಲಿಲ್ಲವೆ? ಯಾವ ಮುದುಕನೂ ಬೈಯಲಿಲ್ಲವೆ, ನಗಲಿಲ್ಲವೆ? ಇಲ್ಲಿ ಹಾಡುಗಳೇ ಕೇಳಿಬರುವುದಿಲ್ಲವೆಂದು ನಿರೂಪಕ ಹೇಳುತ್ತಾನೆ. ಆದರೆ ಕೇಳಿಬಾರದಂತೆ ಚಿತ್ರವನ್ನು ಕಟ್ಟಿದ ಮೇಲೆ ಆ ಮಾತಿನ ಸತ್ಯವನ್ನು ನಾವು ಪರೀಕ್ಷಿಸುವುದಾದರೂ ಹೇಗೆ?

ಧ್ವನಿಯ ವಿಷಯದಲ್ಲಿ ಇನ್ನೊಂದು ಮಾತು. ನಿರೂಪಕ ಕರುಣೆಯನ್ನು ತೋರಿಸುವುದಿಲ್ಲ, ಕೋಪವನ್ನೂ ತೋರಿಸುವುದಿಲ್ಲ. ಪ್ರವಾಸಿಗರ ಕೈಪಿಡಿಯನ್ನು ಓದುವಂತೆ, ಸ್ಥಳಗಳ ನಡುವಣ ದೂರವನ್ನು ಹೇಳುವ ಸ್ವರದಲ್ಲೇ ಮಗುವಿನ ಸಾವನ್ನೂ ಹೇಳುತ್ತಾನೆ. ಆ ಸ್ವರದ ಕೆಳಗೆ ಬ್ರಾಮ್ಸ್‌ನ ಸಂಗೀತ ಘನವಾಗಿ, ವಿಷಾದದಿಂದ ಏಳುತ್ತ ಬೀಳುತ್ತ ಹರಿಯುತ್ತದೆ. ಕಣ್ಣು ಒಂದನ್ನು, ಮಾತು ಇನ್ನೊಂದನ್ನು, ಸಂಗೀತ ಮತ್ತೊಂದನ್ನು ಹೇಳುವ ಈ ವಿರೋಧವೇ ಪ್ರೇಕ್ಷಕನ ನೆಮ್ಮದಿಯನ್ನು ಕೆಡಿಸುತ್ತದೆ. ಕಣ್ಣೀರು ಸುರಿಸಿ ಹಗುರವಾಗುವ ಸೌಲಭ್ಯವನ್ನು ಚಿತ್ರ ನಮಗೆ ಕೊಡುವುದಿಲ್ಲ. ಇದು ದೊಡ್ಡ ಗುಣವೆಂದು ಹೇಳಲು ನಾನು ಹಿಂಜರಿಯೆನು. ಬಡವರನ್ನು ತೋರಿಸಿ ಮರುಕವನ್ನು ಮಾರುವ ಚಿತ್ರಗಳಿಗಿಂತ ಈ ಶೀತಲವಾದ ನಿಷ್ಠುರತೆ ಎಷ್ಟೋ ಮೇಲು.

ಆದರೆ ಆ ನಿಷ್ಠುರತೆಯ ಬೆಲೆಯನ್ನು ತೆತ್ತವರು ಯಾರು? ಮೂರು ಸಂದರ್ಭಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ನೋಡಿದರೆ ಉತ್ತರ ದೊರೆಯುತ್ತದೆ. ಆಡಿನ ಪ್ರಸಂಗ ಒಂದು. ಜೇನುಗೂಡುಗಳನ್ನು ಹೊತ್ತ ಕತ್ತೆ ಕುಸಿದು, ನೂರಾರು ಜೇನ್ನೊಣಗಳ ಕಡಿತಕ್ಕೆ ಸಿಕ್ಕಿ ನರಳಿ ಸಾಯುವುದು ಇನ್ನೊಂದು. ಅದೂ ಚಿತ್ರಕ್ಕಾಗಿ ಹೂಡಿದುದೇ. ಮೂರನೆಯದು ಶಿಶುವಿನ ಶವಯಾತ್ರೆ: ಮರದ ತೊಟ್ಟಿಯಲ್ಲಿ ಮಲಗಿಸಿದ ಮಗುವನ್ನು ನೀರಿನ ಮೇಲೆ ತೇಲಿಸಿ, ದೂರದ ಸ್ಮಶಾನಕ್ಕೆ ಸಾಗಿಸುವ ದೃಶ್ಯ, ಆ ಮಗು ಸತ್ತಿರಲಿಲ್ಲ, ನಿದ್ರಿಸುತ್ತಿತ್ತೆಂದು ಅನಂತರದ ಶೋಧನೆಗಳು ಹೇಳುತ್ತವೆ. ಈ ಮೂರನ್ನೂ ‘ಕೃತ್ರಿಮ’ ಎಂಬ ಒಂದೇ ಮಾತಿನಲ್ಲಿ ಕಟ್ಟುವುದು ವಿವೇಚನೆಯಾಗದು. ಆಡುಗಳು ಬಂಡೆಯಿಂದ ಬೀಳುವುದೂ ನಿಜ, ಶಿಶುಗಳು ಸಾಯುತ್ತಿದ್ದುದೂ ನಿಜ, ಶವವನ್ನು ದೂರಕ್ಕೆ ಒಯ್ಯಬೇಕಾಗಿದ್ದುದೂ ನಿಜ. ನಡೆಯುವಂಥದನ್ನೇ ನಡೆಯಿಸಿ ತೋರಿಸಿದರೆ ಏನು ದೋಷ ಎಂದು ಕೇಳಬಹುದು. ಸಾಕ್ಷ್ಯಚಿತ್ರಕಾರರಲ್ಲಿ ಅನೇಕರು ಹಾಗೆ ಮಾಡಿದ್ದಾರೆ. ಮಾಡಿದ ಮಾತ್ರಕ್ಕೆ ಸತ್ಯ ಸುಳ್ಳಾಗುವುದಿಲ್ಲ. ನನ್ನ ಆಕ್ಷೇಪಣೆ ಮತ್ತೊಂದು. ಮಲಗಿದ್ದ ಮಗುವನ್ನು ಶವವಾಗಿ ತೋರಿಸಿದಾಗ, ಅದರ ಬಳಿ ನಿಂತ ಹೆಂಗಸಿನ ಮುಖವನ್ನು ಶೋಕದ ಮುಖವೆಂದು ನಮಗೆ ಹೇಳಿದಾಗ, ಅವಳ ಮುಖ ಅವಳದಾಗಿ ಉಳಿಯಲಿಲ್ಲ. ಅವಳು ಆ ಗಳಿಗೆಯಲ್ಲಿ ಏನನ್ನು ಯೋಚಿಸುತ್ತಿದ್ದಳೋ ಅದನ್ನು ಅಳಿಸಿ, ಚಿತ್ರಕ್ಕೆ ಬೇಕಾದ ಅರ್ಥವನ್ನು ಅದರ ಮೇಲೆ ಬರೆಯಲಾಯಿತು. ಆಡನ್ನು ಕೊಂದುದಕ್ಕಿಂತ ಇದು ಗಾಢವಾದ ಅಪಹರಣ.

ಬೀದಿಯಲ್ಲಿ ಮಲಗಿದ ಹುಡುಗಿಯ ದೃಶ್ಯವನ್ನು ಇದರೊಡನೆ ಸೇರಿಸಿ ನೋಡಬೇಕು. ಕಲ್ಲುಗೋಡೆಗೆ ಒರಗಿ ಒಂದು ಎಳೆಯ ಮಗು ಬಿದ್ದುಕೊಂಡಿದೆ. ತಂಡದ ಒಬ್ಬನು ಬಾಗಿ, ಅವಳ ಬಾಯಿ ತೆರೆಯಿಸಿ ನೋಡುತ್ತಾನೆ; ಗಂಟಲೂ ವಸಡೂ ಉರಿತದಿಂದ ಕೆಂಪೇರಿವೆ; ಕ್ಯಾಮೆರಾ ಆ ಬಾಯಿಯ ಒಳಗನ್ನೇ ಸಮೀಪದಿಂದ ತೋರಿಸುತ್ತದೆ. ತಮ್ಮಿಂದ ಏನೂ ಮಾಡಲಾಗಲಿಲ್ಲವೆಂದೂ, ಮತ್ತೆ ಕೆಲವು ದಿನಗಳಲ್ಲಿ ಮಗು ಸತ್ತಿತೆಂದು ತಿಳಿಯಿತೆಂದೂ ನಿರೂಪಕ ಹೇಳಿ ಮುಂದಿನ ಸಂಗತಿಗೆ ಹೋಗುತ್ತಾನೆ. ಇಡೀ ಚಿತ್ರದಲ್ಲಿ ನೋಡುವವನ ಕೈ ನೋಡಿಸಿಕೊಂಡವರ ಮೈಯನ್ನು ಮುಟ್ಟುವ ಈ ಒಂದು ಗಳಿಗೆ ನನಗೆ ಸಹಿಸಲು ಕಷ್ಟವಾದುದು. ಆ ಬಾಯಿಯನ್ನು ತೆರೆದುದು ಶುಶ್ರೂಷೆಗಾಗಿಯೋ, ಚಿತ್ರಕ್ಕಾಗಿಯೋ? ಎರಡಕ್ಕೂ ಎಂದಿಟ್ಟುಕೊಂಡರೂ, ನಾವು ಕಂಡುದು ಎರಡನೆಯದನ್ನು ಮಾತ್ರ. ಅವಳ ತಾಯಿ ಯಾರು, ಮನೆ ಯಾವುದು, ಅವಳನ್ನು ಯಾರಾದರೂ ಒಳಗೆ ಕರೆದುಕೊಂಡರೇ ಎಂಬುದೊಂದೂ ನಮಗೆ ತಿಳಿಯದು. ಅನಾಥೆಯಂತೆ ಅವಳು ತೆರೆಯ ಮೇಲೆ ಬಿದ್ದಿರುತ್ತಾಳೆ. ಆದರೆ ಅವಳನ್ನು ಅನಾಥೆಯಾಗಿಸಿದುದು ಊರೋ ಚಿತ್ರವೋ ಎಂದು ನಿಶ್ಚಯಿಸಲು ಆಧಾರವಿಲ್ಲ.

ದೇಹಗಳನ್ನು ತೋರಿಸುವ ವಿಷಯದಲ್ಲಿ ಚಿತ್ರ ಇನ್ನೂ ಕಠಿನವಾಗುತ್ತದೆ. ಗಳಗಂಡದಿಂದ ಕೊರಳುಬ್ಬಿದ ಹೆಂಗಸು, ಮುಪ್ಪು ಅಡರಿದಂತೆ ಕಾಣುವ ಅವಳ ಮುಖ. ಬೆಳವಣಿಗೆ ಕುಂಠಿತವಾದ, ಬುದ್ಧಿ ಬಲಿಯದ ಗಿಡ್ಡ ದೇಹದವರು ಒಬ್ಬರಾದ ಮೇಲೆ ಒಬ್ಬರು ಪೊದೆಗಳ ನಡುವಿನಿಂದ ಕ್ಯಾಮೆರಾದತ್ತ ನೋಡಿ ನಗುವ ಸಾಲು. ಇವರ ಅವಸ್ಥೆಗೆ ನಿರೂಪಣೆ ಕೊಡುವ ಕಾರಣಗಳು ಹಸಿವು, ಕೊಳೆ, ಬಂಧುವರ್ಗದೊಳಗಣ ಸಂಬಂಧ ಮೊದಲಾದವು. ಆದರೆ ಗಳಗಂಡಕ್ಕೂ ಹುಟ್ಟಿನಿಂದ ಬರುವ ಈ ಬುದ್ಧಿಮಾಂದ್ಯಕ್ಕೂ ಬೆಟ್ಟಗಾಡಿನ ಮಣ್ಣು ನೀರುಗಳಲ್ಲಿ ಅಯೋಡಿನ್ ಸಾಲದಿರುವುದು ಕಾರಣವೆಂಬುದು ಆ ಕಾಲಕ್ಕೆ ಅಜ್ಞಾತವಾಗಿರಲಿಲ್ಲ. ಉರ್ದೆಸ್ಸಿನ ಗಳಗಂಡವನ್ನು ಮರಾನ್ಯೋನ್ ತಾನೇ ಅಭ್ಯಾಸಮಾಡಿದ್ದನು; ಸ್ವಿಟ್ಜರ್ಲೆಂಡಿನಲ್ಲಿ 1922ರಿಂದಲೇ ಅಯೋಡಿನ್ ಬೆರೆಸಿದ ಉಪ್ಪನ್ನು ಜನಕ್ಕೆ ಒದಗಿಸತೊಡಗಿದ್ದರು. ಎಂದರೆ ನಾವು ತೆರೆಯ ಮೇಲೆ ನೋಡುವ ಆ ವಿರೂಪ ಒಂದು ಚಿಟಿಕೆ ಉಪ್ಪಿನಿಂದ ಮುಂದಿನ ಪೀಳಿಗೆಯಲ್ಲಿ ತಪ್ಪಿಸಬಹುದಾದುದು. ಇದನ್ನು ಹೇಳಿದ್ದರೆ ಪ್ರೇಕ್ಷಕನ ದೃಷ್ಟಿ ಆ ಮುಖದಿಂದ ಉಪ್ಪಿನ ಅಂಗಡಿಗೆ, ಅಂಗಡಿಯಿಂದ ಸರ್ಕಾರದ ಕಚೇರಿಗೆ ಹರಿಯುತ್ತಿತ್ತು. ಹೇಳದೆ ಬಿಟ್ಟುದರಿಂದ ದೃಷ್ಟಿ ಆ ಮುಖದ ಮೇಲೆಯೇ ನಿಂತುಬಿಡುತ್ತದೆ, ದೋಷ ಆ ರಕ್ತದಲ್ಲಿದೆಯೋ ಎಂಬಂತೆ. ದಾರಿದ್ರ್ಯವನ್ನು ಚಿತ್ರಿಸುವ ಎಲ್ಲ ಕೃತಿಗಳಿಗೂ ಕಾದಿರುವ ಅಪಾಯವಿದು: ಸಂಬಂಧಗಳ ಫಲವಾದುದನ್ನು ವ್ಯಕ್ತಿಯ ಲಕ್ಷಣವನ್ನಾಗಿ ಮಾಡಿಬಿಡುವುದು.

ಇತಿಹಾಸವನ್ನು ಬಿಟ್ಟುದೂ ಇದೇ ಬಗೆಯ ದೋಷ. ಉತ್ತರದ ಲಾ ಅಲ್ಬೆರ್ಕಾ ಊರು ಶತಮಾನಗಳ ಕಾಲ ಉರ್ದೆಸ್ಸಿನ ಮೇಲೆ ಒಡೆತನ ನಡೆಸಿತು. ಹುಲ್ಲುಗಾವಲು, ಮರ, ಜೇನು ಎಲ್ಲಕ್ಕೂ ಅದರ ಹಕ್ಕು ಹಬ್ಬಿತ್ತು. ಚಿತ್ರ ಆರಂಭವಾಗುವುದು ಅದೇ ಊರಿನಲ್ಲಿ, ಹೊಸದಾಗಿ ಮದುವೆಯಾದ ಯುವಕರು ಕುದುರೆಯೇರಿ ಬಂದು, ಹಗ್ಗಕ್ಕೆ ತಲೆಕೆಳಗಾಗಿ ಕಟ್ಟಿದ ಹುಂಜಗಳ ತಲೆ ಕೀಳುವ ಹಬ್ಬದಿಂದ. ಕಣಿವೆಯ ಜೇನುಗೂಡುಗಳಲ್ಲಿ ಬಹುಪಾಲು ಲಾ ಅಲ್ಬೆರ್ಕಾದವರವೆಂಬ ಮಾತೂ ನಿರೂಪಣೆಯಲ್ಲಿ ಒಮ್ಮೆ ಸುಳಿದುಹೋಗುತ್ತದೆ. ಆ ಸುಳಿವನ್ನು ಹಿಡಿದು ಒಂದು ಹೆಜ್ಜೆ ಹೋಗಿದ್ದರೆ ಬಡತನದ ಬೇರು ಕಾಣುತ್ತಿತ್ತು, ಚಿತ್ರ ಹೋಗಲಿಲ್ಲ. ದೊರೆಯ ಭೇಟಿಯ ತರುವಾಯ ಬಂದ ರಸ್ತೆ, ಶಾಲೆ, ವೈದ್ಯರ ಪ್ರಸ್ತಾಪ ಅದರಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಆ ಕಾರ್ಯಗಳು ಅಲ್ಪವೆಂದು ಟೀಕಿಸುವ ಹಕ್ಕು ಕೃತಿಕಾರನಿಗೆ ಉಂಟು. ಅವನ್ನು ಅಳಿಸಿ, ಆ ಜನವನ್ನು ಕಾಲದ ಹೊರಗೆ ನಿಲ್ಲಿಸುವ ಹಕ್ಕು ಇಲ್ಲ. ಕಾಲದ ಹೊರಗೆ ನಿಂತವರಿಗೆ ನೆನ್ನೆಯೂ ಇಲ್ಲ, ನಾಳೆಯೂ ಇಲ್ಲ. ನಾಳೆಯಿಲ್ಲದವರ ಪರವಾಗಿ ಯಾವ ಸುಧಾರಣೆಯನ್ನು ತಾನೆ ಬೇಡುವುದು?

ಸ್ಪೇನಿನ ಗಣರಾಜ್ಯದ ಸರ್ಕಾರ ಚಿತ್ರವನ್ನು ನಿಷೇಧಿಸಿತು. ಪರಿಹಾರಸಂಸ್ಥೆಯ ಮುಖ್ಯಸ್ಥನಾಗಿದ್ದ ಮರಾನ್ಯೋನ್ ಅದನ್ನು ನೋಡಿ ಮೆಚ್ಚಲಿಲ್ಲ. ಆದರೆ ಸರ್ಕಾರದ ಆಕ್ಷೇಪಣೆ ದೇಶದ ಮಾನಕ್ಕೆ ಕುಂದು ಬಂದಿತೆಂಬುದು. ಇದಕ್ಕೂ ನಾನು ಎತ್ತುತ್ತಿರುವ ಆಕ್ಷೇಪಣೆಗೂ ಅಜಗಜಾಂತರ. ದೇಶದ ಮಾನದ ಹೆಸರಿನಲ್ಲಿ ಹಸಿವನ್ನು ಮುಚ್ಚಿಡುವುದು ಎಲ್ಲ ಅಧಿಕಾರಗಳಿಗೂ ರೂಢಿ. ಆ ಮುಚ್ಚಳವನ್ನು ಕಿತ್ತೆಸೆದ ಬುನ್ಯುಯೆಲ್‌ನ ಧೈರ್ಯಕ್ಕೆ ನಾವು ತಲೆಬಾಗಬೇಕು. ಮಾನದ ಪ್ರಶ್ನೆಯನ್ನು ಎತ್ತಬೇಕಾದುದು ಉರ್ದೆಸ್ಸಿನವರ ಕಡೆಯಿಂದ, ಮತ್ತು ಅವರನ್ನು ಆಗ ಯಾರೂ ಕೇಳಲಿಲ್ಲ. ನಿಷೇಧಿಸಿದವರೂ ಕೇಳಲಿಲ್ಲ, ನಿಷೇಧವನ್ನು ಖಂಡಿಸಿದವರೂ ಕೇಳಲಿಲ್ಲ.

ಈ ಚಿತ್ರವನ್ನು ಬೇರೊಂದು ಬಗೆಯಲ್ಲಿ ಓದುವ ವಿಮರ್ಶಕರಿದ್ದಾರೆ. ಅವರ ವಾದ ಬಲವಾದುದು. ಬುನ್ಯುಯೆಲ್ ಅತಿವಾಸ್ತವ ಪಂಥದವನು. ‘ಆಂದಲೂಸಿಯಾದ ನಾಯಿ’ಯನ್ನು 1929ರಲ್ಲಿ ತೆಗೆದವನು. ಅಂಥವನು ಹೊಗೆಯನ್ನು ಚಿತ್ರದಲ್ಲಿ ಉಳಿಸಿದುದು ಅಜಾಗರೂಕತೆಯಿಂದಲ್ಲ. ನೋಡುಗರೇ, ನಿಮಗೆ ತೋರಿಸಿದುದನ್ನೆಲ್ಲ ನಂಬಬೇಡಿ ಎಂದು ಎಚ್ಚರಿಸಲು. ನಿರೂಪಕನ ನಿರ್ದಯ ಧ್ವನಿ, ದೂರದ ದೇಶಗಳ ‘ವಿಚಿತ್ರ’ ಜನರನ್ನು ಪ್ರದರ್ಶಿಸಿ ನಾಗರಿಕರನ್ನು ರಂಜಿಸುತ್ತಿದ್ದ ಆ ಕಾಲದ ಪ್ರವಾಸಚಿತ್ರಗಳ ಅಣಕವೇ ಆಗಿದೆ. ಯೂರೋಪಿನ ನಡುವೆಯೇ ಒಂದು ‘ಅನಾಗರಿಕ’ ನಾಡನ್ನು ನಿಲ್ಲಿಸಿ ಆ ದೃಷ್ಟಿಯ ಅಹಂಕಾರವನ್ನು ಬಯಲಿಗೆಳೆಯುವುದೇ ಅದರ ಉದ್ದೇಶ ಎಂದು ಅವರು ಪ್ರತಿಪಾದಿಸುತ್ತಾರೆ. ಈ ವಿವರಣೆ ಚಿತ್ರದ ಅನೇಕ ಒಗಟುಗಳನ್ನು ಬಿಡಿಸುತ್ತದೆಂದು ನಾನೂ ಒಪ್ಪುತ್ತೇನೆ. ಆದರೆ ಅದು ಸಂಪೂರ್ಣವಾಗಿ ಸತ್ಯವಾದರೂ ನನ್ನ ಸಂಕಟ ಪರಿಹಾರವಾಗುವುದಿಲ್ಲ. ಪ್ಯಾರಿಸ್ಸಿನ ಪ್ರೇಕ್ಷಕನಿಗೆ ಅವನ ದೃಷ್ಟಿಯ ದೋಷವನ್ನು ಕಲಿಸಿಕೊಡುವುದು ಉದಾತ್ತವಾದ ಪಾಠವಿರಬಹುದು; ಆ ಪಾಠದ ಕರಿಹಲಗೆಯಾಗಿ ಉರ್ದೆಸ್ಸಿನ ತಾಯಿಯ ಮುಖವನ್ನು ಬಳಸಿಕೊಳ್ಳಲು ಅನುಮತಿ ಕೊಟ್ಟವರು ಯಾರು? ಅಣಕವನ್ನು ಅರಿಯಬಲ್ಲವನು ಅರಿತಾನು. ಅರಿಯದವರ ಮನಸ್ಸಿನಲ್ಲಿ ಉಳಿಯುವುದು ಪೊದೆಯ ನಡುವೆ ನಗುವ ಆ ಮುಖಗಳ ಸಾಲು ಮಾತ್ರ.

ಬೇರೆ ದಾರಿ ಇತ್ತೆ ಎಂದು ಕೇಳಬಹುದು. ಇತ್ತು. ಎರಡೇ ವರ್ಷಗಳಲ್ಲಿ, 1935ರಲ್ಲಿ, ಇಂಗ್ಲೆಂಡಿನ ಆರ್ಥರ್ ಎಲ್ಟನ್ ಮತ್ತು ಎಡ್ಗರ್ ಆನ್‌ಸ್ಟೀ ಎಂಬವರು ‘ವಸತಿಯ ಸಮಸ್ಯೆಗಳು’ ಎಂಬ ಕಿರುಚಿತ್ರವನ್ನು ತೆಗೆದರು. ಹಣ ಕೊಟ್ಟುದು ಅಡುಗೆ ಅನಿಲದ ವ್ಯಾಪಾರಿಗಳ ಸಂಘ, ಅದಕ್ಕೆ ತನ್ನದೇ ಲಾಭದ ಲೆಕ್ಕವಿದ್ದಿತು. ಕಲೆಯಲ್ಲಿ ಅದು ಬುನ್ಯುಯೆಲ್‌ನ ಚಿತ್ರದ ಹತ್ತಿರಕ್ಕೂ ಬಾರದು. ಆದರೆ ಅದರಲ್ಲಿ ಲಂಡನ್ನಿನ ಕೊಳೆಗೇರಿಯ ಹೆಂಗಸೊಬ್ಬಳು ತನ್ನ ಕೋಣೆಯಲ್ಲಿ ನಿಂತು, ಕ್ಯಾಮೆರಾವನ್ನು ನೇರವಾಗಿ ನೋಡುತ್ತ, ಇಲಿಯ ಕಾಟವನ್ನು ತನ್ನ ಮಾತಿನಲ್ಲೇ ಹೇಳುತ್ತಾಳೆ. ಕೇಳುತ್ತಿದ್ದಂತೆ ನಾವು ಅವಳ ಬಡತನವನ್ನು ಮಾತ್ರವಲ್ಲದೆ ಅವಳನ್ನೂ ಅರಿಯತೊಡಗುತ್ತೇವೆ.

ಕನ್ನಡಿಗನಾದ ನನಗೆ 1933 ಎಂದೊಡನೆ ನೆನಪಾಗುವುದು ಇನ್ನೊಂದು ಕೃತಿ. ಶಿವರಾಮ ಕಾರಂತರ ‘ಚೋಮನ ದುಡಿ’ ಅದೇ ವರ್ಷ ಹೊರಬಂದಿತು. ಕಾದಂಬರಿಗೂ ಸಾಕ್ಷ್ಯಚಿತ್ರಕ್ಕೂ ಧರ್ಮ ಬೇರೆಯೆಂಬುದನ್ನು ನಾನು ಮರೆತಿಲ್ಲ. ಚೋಮ ಕಲ್ಪಿತ, ಉರ್ದೆಸ್ಸಿನವರು ರಕ್ತಮಾಂಸದ ಜನ. ಆದರೂ ನೆಲವಿಲ್ಲದವನನ್ನು ಕಾಣುವ ರೀತಿಯಲ್ಲಿ ಎರಡು ಕೃತಿಗಳೂ ಬೇರೆಬೇರೆ ದಿಕ್ಕಿಗೆ ಮುಖಮಾಡಿವೆ. ಚೋಮನಿಗೆ ಎರಡು ಎತ್ತುಗಳಿವೆ. ತಾನೂ ಬೇಸಾಯಗಾರನಾಗಬೇಕೆಂಬ ಆಸೆಯಿದೆ. ಹೊಲೆಯನಾದವನಿಗೆ ಗೇಣಿಗೆ ಭೂಮಿ ಕೊಡಲೊಲ್ಲದ ಸಮಾಜ ಆ ಆಸೆಯನ್ನು ಅಡ್ಡಗಟ್ಟಿದೆ. ಎದೆಯ ದುಃಖವನ್ನು ಬಡಿದು ಹೊರಗೆಡಹಲು ದುಡಿಯಿದೆ. ಅವನ ಬಡತನ ನಮಗೆ ತಿಳಿಯುವುದು ಅವನ ಆಸೆಯ ಮೂಲಕ. ಉರ್ದೆಸ್ಸಿನ ಚಿತ್ರದಲ್ಲಿ ಹಸಿವುಂಟು, ರೋಗವುಂಟು, ಸಾವುಂಟು. ಆಸೆ ಮಾತ್ರ ಒಬ್ಬನ ಮುಖದಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಬಡವನ ಆಸೆಯನ್ನು ತೋರಿಸದ ಚಿತ್ರ ಅವನ ಬಡತನವನ್ನೂ ಅರ್ಧ ಮಾತ್ರ ತೋರಿಸುತ್ತದೆ; ಏಕೆಂದರೆ ಬಡತನವೆಂಬುದು ಇಲ್ಲದಿರುವ ವಸ್ತುಗಳ ಪಟ್ಟಿಯಷ್ಟೇ ಆಗಿರದೆ, ಬಯಸಿದುದು ಕೈಗೆ ಬಾರದಂತೆ ಮಾಡುವ ತಡೆಯೂ ಆಗಿದೆ.

2000ದಲ್ಲಿ ರಾಮೋನ್ ಗೀಲಿಂಗ್ ಎಂಬ ಚಿತ್ರಕಾರನು ಕಣಿವೆಗೆ ಹೋಗಿ, ‘ಬುನ್ಯುಯೆಲ್‌ನ ಬಂದಿಗಳು’ ಎಂಬ ಸಾಕ್ಷ್ಯಚಿತ್ರವನ್ನು ತೆಗೆದನು. ಹಳೆಯ ಚಿತ್ರದ ನೆನಪು ಅರವತ್ತೇಳು ವರ್ಷಗಳ ಮೇಲೆಯೂ ಅಲ್ಲಿ ನೋಯುತ್ತಿದ್ದಿತು. ರಸ್ತೆ ಬಂದು, ಬೆಳಕು ಬಂದು, ಮನೆಗಳು ಹೊಸತಾದರೂ, ಊರಿನ ಹೆಸರೆತ್ತಿದೊಡನೆ ಹೊರಗಿನವರ ಕಣ್ಣಿಗೆ ಕಟ್ಟುತ್ತಿದ್ದುದು 1933ರ ಆ ಮುಖಗಳೇ. ಕ್ಯಾಮೆರಾ ಒಂದು ತಿಂಗಳಿದ್ದು ಹೋಯಿತು; ಅದು ತೆಗೆದ ರೂಪದೊಳಗೆ ಮೂರು ಪೀಳಿಗೆಯ ಜನ ಬದುಕಬೇಕಾಯಿತು. ದಾರಿದ್ರ್ಯ ಕಳೆದರೂ ದಾರಿದ್ರ್ಯದ ಚಿತ್ರ ಕಳೆಯುವುದಿಲ್ಲವೆಂಬ ಈ ಸತ್ಯವನ್ನು ಹಳ್ಳಿಯ ಬಡತನವನ್ನು ಚಿತ್ರಿಸಹೊರಟ ಪ್ರತಿಯೊಬ್ಬನೂ ಮೊದಲ ದಿನವೇ ಮನಸ್ಸಿಗೆ ತಂದುಕೊಳ್ಳಬೇಕು.

ಕರಿಹಲಗೆಯ ಬಳಿಗೆ ಹೋದ ಹುಡುಗನನ್ನು ಮತ್ತೊಮ್ಮೆ ನೆನೆಯುತ್ತೇನೆ. ಒಬ್ಬರೂ ಮಾತನಾಡದ ಈ ಚಿತ್ರದಲ್ಲಿ, ಉರ್ದೆಸ್ಸಿನವನೊಬ್ಬನ ಕೈಯಿಂದ ಒಂದು ವಾಕ್ಯ ಹೊರಬರುವುದು ಅಲ್ಲಿ ಮಾತ್ರ. ಅದೂ ಅವನ ಮಾತಲ್ಲ, ಪುಸ್ತಕದ್ದು. ಅದನ್ನು ಅವನು ಬರೆದುದು ಚಿತ್ರತಂಡದವರು ಕೇಳಿಕೊಂಡುದರಿಂದ ಎಂದು ನಿರೂಪಣೆಯೇ ಹೇಳುತ್ತದೆ. ಬುನ್ಯುಯೆಲ್ ಆ ವಾಕ್ಯವನ್ನು ಸಿರಿವಂತರ ನೀತಿಯ ವಿರುದ್ಧ ಸಾಕ್ಷಿಯಾಗಿ ನಿಲ್ಲಿಸಿದನು, ಮತ್ತು ಅದು ಸರಿಯಾಗಿಯೇ ನಿಂತಿದೆ. ಆದರೆ ಸೀಮೆಸುಣ್ಣ ಹಿಡಿದ ಆ ಕೈ ಅಕ್ಷರಗಳನ್ನು ಒಂದೊಂದಾಗಿ ಜೋಡಿಸುವುದನ್ನು ನೋಡುತ್ತಿರುವಾಗ, ವಾಕ್ಯ ಕ್ಯಾಮೆರಾದ ಹಿಂದೆ ನಿಂತವರನ್ನೂ ಉದ್ದೇಶಿಸಿದೆಯೆಂದು ನನಗೆ ತೋರುತ್ತದೆ. ಆ ಮಕ್ಕಳಿಗೆ ಹೊಲವಿರಲಿಲ್ಲ, ಕಾಲಿಗೆ ಮೆಟ್ಟಿರಲಿಲ್ಲ, ರೊಟ್ಟಿಯನ್ನು ಮನೆಗೆ ಒಯ್ಯುವ ಸ್ವಾತಂತ್ರ್ಯವೂ ಇರಲಿಲ್ಲ. ಅವರದೆಂದು ಉಳಿದಿದ್ದುದು ಅವರ ಮುಖ, ಅವರ ಹೆಸರು, ತಮ್ಮ ಬಾಳನ್ನು ಕುರಿತು ತಾವೇ ಆಡಬಹುದಾಗಿದ್ದ ಮಾತು. ಚಿತ್ರ ಮುಖವನ್ನು ತೆಗೆದುಕೊಂಡಿತು, ಹೆಸರನ್ನು ಕೇಳಲಿಲ್ಲ, ಮಾತನ್ನು ಬಿಟ್ಟುಬಂದಿತು.